ದೀಪದ ಕಂಬಗಳ ಮೇಲಿನ ಕಾನೂನು

ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೇ ಒಂದು ಚೌಕ. ನಡುವೆ ಹುಲ್ಲುಹಾಸು, ಅಂಚಿನಲ್ಲಿ ಬೆಂಚುಗಳು. ಬರ್ಲಿನ್ನಿನ ಪಶ್ಚಿಮ ಭಾಗದ ಈ ಬಡಾವಣೆಗೆ ಪ್ರವಾಸಿಗಳು ಬರುವುದು ಕಡಿಮೆ. ಕಣ್ಣಿಗೆ ಬೀಳುವಂಥದ್ದೇನೂ ಇಲ್ಲ. ನಾಲ್ಕೈದು ಅಂತಸ್ತಿನ ಮನೆಗಳು, ಕೆಳಗೆ ಔಷಧದ ಅಂಗಡಿ, ಬೇಕರಿ, ಕ್ಷೌರದಂಗಡಿ, ರಸ್ತೆಯ ಎರಡೂ ಬದಿ ಮರಗಳು. ಅನುಕೂಲಸ್ಥರು ವಾಸಿಸುವ, ಸದ್ದುಗದ್ದಲವಿಲ್ಲದ ಜಾಗ. ಟಿಕೆಟ್ಟಿಲ್ಲ, ಗೇಟಿಲ್ಲ, ಗೈಡ್‌ಗಳಿಲ್ಲ. ನಾನು ನೋಡಲು ಬಂದದ್ದು ಇಲ್ಲಿನ ದೀಪದ ಕಂಬಗಳನ್ನು.

ಈ ಬೀದಿಗಳ 80 ಕಂಬಗಳಲ್ಲಿ ಒಂದೊಂದು ಫಲಕ ಕಟ್ಟಿದ್ದಾರೆ. 50 ಸೆಂಟಿಮೀಟರ್ ಒಂದು ಕಡೆ, 70 ಸೆಂಟಿಮೀಟರ್ ಇನ್ನೊಂದು ಕಡೆ. ಕೈಗೆಟುಕದಷ್ಟು ಎತ್ತರ, ಕತ್ತೆತ್ತಿದರೆ ಓದಲು ಸಿಗುವಷ್ಟು ಹತ್ತಿರ. ಒಂದು ಮುಖದಲ್ಲಿ ಚಿತ್ರವಿದೆ. ಚಿಕ್ಕ ಮಕ್ಕಳ ಅಕ್ಷರಮಾಲೆ ಪುಸ್ತಕದಲ್ಲಿ ಇರುತ್ತದಲ್ಲ, ಅಂಥ ಗಾಢ ಬಣ್ಣದ, ಒಂದೇ ಒಂದು ವಸ್ತುವಿನ ಚಿತ್ರ. ಕಂಬ ದಾಟಿ ಹಿಂದಿರುಗಿ ನೋಡಿದರೆ ಇನ್ನೊಂದು ಮುಖದಲ್ಲಿ ಒಂದೆರಡು ಸಾಲು ಬರಹ, ಕೊನೆಯಲ್ಲಿ ತಾರೀಖು. 1933ರಿಂದ 1945ರವರೆಗೆ ನಾಜಿ ಆಡಳಿತ ಯಹೂದಿಗಳ ಮೇಲೆ ಹೊರಿಸಿದ ಕಾನೂನು, ಆದೇಶ, ಸುತ್ತೋಲೆಗಳ ಸಾರ ಅದು. ಇಬ್ಬರು ಕಲಾವಿದರು ರೂಪಿಸಿ 1993ರಲ್ಲಿ ಹಾಕಿದ ಸ್ಮಾರಕ. ಕಂಚಿನ ಪ್ರತಿಮೆಯಾಗಲಿ ಹೂವಿಡುವ ಕಟ್ಟೆಯಾಗಲಿ ಇಲ್ಲ.

ಚೌಕದ ಬಳಿ ಒಂದು ದೊಡ್ಡ ನಕ್ಷೆ ನಿಲ್ಲಿಸಿದ್ದಾರೆ. 1933ರ ಬೀದಿಗಳ ಮೇಲೆ 1993ರ ಬೀದಿಗಳನ್ನು ಬರೆದಿರುವುದರಿಂದ ಮೊದಲ ನೋಟಕ್ಕೆ ಗೋಜಲು. ಯುದ್ಧಕಾಲದ ಬಾಂಬ್ ದಾಳಿಯಲ್ಲಿ ಈ ಬಡಾವಣೆಯ ಬಹುಪಾಲು ಉರುಳಿಬಿತ್ತು. ಬಿದ್ದಲ್ಲಿ ಐವತ್ತರ ದಶಕದಲ್ಲಿ ಕಟ್ಟಿದ ಬೋಳು ಮುಖದ ಮನೆಗಳಿವೆ. ನಡುನಡುವೆ ಉಳಿದುಕೊಂಡ ಹಳೆಯ ಮನೆಗಳ ಬಾಗಿಲ ಮೇಲೆ ಗಾರೆಯ ಹೂಬಳ್ಳಿ ಇನ್ನೂ ಇದೆ. ಫಲಕಗಳನ್ನು ತಾರೀಖಿನ ಕ್ರಮದಲ್ಲಿ ನೋಡೋಣವೆಂದುಕೊಂಡು ನಕ್ಷೆಯ ಮುಂದೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದೆ. ಆಗದ ಮಾತು. 1942ರ ಪಕ್ಕದಲ್ಲಿ 1933, ಅದರ ಎದುರು 1938. ಬೇಕೆಂದೇ ಹಾಗೆ ಚೆದುರಿಸಿದ್ದಾರೆ. ಕಾಲು ಕರೆದುಕೊಂಡು ಹೋದ ಕಡೆ ಹೋಗುವುದೆಂದು ತೀರ್ಮಾನಿಸಿದೆ.

ಹೊರಡುವ ಮುನ್ನ ಒಂದೆರಡು ಅಂಕಿ ಹೇಳಿಬಿಡಬೇಕು. 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ಬಡಾವಣೆ ಇದು. ಬೀದಿಗಳಿಗೆ ದಕ್ಷಿಣ ಜರ್ಮನಿಯ ಊರುಗಳ ಹೆಸರು. ವಕೀಲರು, ವೈದ್ಯರು, ಪ್ರಾಧ್ಯಾಪಕರು, ವ್ಯಾಪಾರಸ್ಥರು ಬಂದು ನೆಲೆಸಿದರು. ಅವರಲ್ಲಿ ಯಹೂದಿಗಳು ಬಹಳ. ಯಹೂದಿಗಳ ಸ್ವಿಟ್ಜರ್ಲೆಂಡ್ ಎಂದು ಊರಿನವರು ಕರೆಯುತ್ತಿದ್ದರಂತೆ. 1933ರಲ್ಲಿ ನಗರದ ಈ ವಿಭಾಗದಲ್ಲಿ ಸುಮಾರು 16 ಸಾವಿರ ಯಹೂದಿಗಳಿದ್ದರು, ಇಡೀ ಬರ್ಲಿನ್ನಿನಲ್ಲಿ ಸುಮಾರು 1 ಲಕ್ಷ 60 ಸಾವಿರ. ದೇಶದ ಒಟ್ಟು ಜನಸಂಖ್ಯೆಯಲ್ಲಿ ಮಾತ್ರ ಅವರು ನೂರಕ್ಕೆ ಒಬ್ಬರೂ ಇರಲಿಲ್ಲ. ಇಷ್ಟು ಕಡಿಮೆ ಜನರ ಬೆನ್ನು ಹತ್ತಲು ಒಂದು ಸರ್ಕಾರ ಅಷ್ಟೊಂದು ಕಾಗದ ಖರ್ಚು ಮಾಡಿತೇ ಎಂದು ನಡೆಯುತ್ತ ನಡೆಯುತ್ತ ಅನ್ನಿಸಲಿಕ್ಕೆ ಶುರುವಾಗುತ್ತದೆ.

ಮೊದಲು ಸಿಕ್ಕಿದ್ದು ಚೌಕದ ಪಕ್ಕದಲ್ಲೇ ಇರುವ ಬೆಂಚಿನ ಚಿತ್ರ. ಹಿಂದಿನ ಬರಹ ಇದೇ ಚೌಕದ ಬಗ್ಗೆ: ಇಲ್ಲಿ ಯಹೂದಿಗಳು ಹಳದಿ ಗುರುತಿನ ಬೆಂಚುಗಳ ಮೇಲೆ ಮಾತ್ರ ಕೂರಬಹುದು. ಇಸವಿ 1939. ಕಣ್ಣಾರೆ ಕಂಡವರೊಬ್ಬರ ನೆನಪಿನಿಂದ ತೆಗೆದ ಮಾತಿದು. ಈಗಿನ ಬೆಂಚುಗಳಲ್ಲಿ ಒಂದರ ಮೇಲೆ ವಯಸ್ಸಾದ ಹೆಂಗಸೊಬ್ಬರು ಬಿಸಿಲಿಗೆ ಮುಖ ಒಡ್ಡಿ ಕೂತಿದ್ದರು. ಇನ್ನೊಂದರ ಮೇಲೆ ಯುವಕನೊಬ್ಬ ಫೋನಿನಲ್ಲಿ ಮಾತಾಡುತ್ತಿದ್ದ. ಫಲಕ ನೋಡಿ ಬೆಂಚು ನೋಡಿದಾಗ ನನಗೆ ಹೊಳೆದದ್ದು ಒಂದು ಸಣ್ಣ ಪ್ರಶ್ನೆ. ಆ ಹಳದಿ ಬಣ್ಣ ಬಳಿದವರು ಯಾರು? ಯಾರೋ ಒಬ್ಬರು ಬೆಳಿಗ್ಗೆ ಡಬ್ಬಿ, ಬ್ರಷ್ಷು ಹಿಡಿದು ಬಂದಿರಬೇಕು. ನಗರಸಭೆಯ ತೋಟಗಾರಿಕೆಯವರೇ ಇರಬಹುದು, ಇದು ನನ್ನ ಊಹೆ. ಯಾವ ಬೆಂಚು ಹಳದಿ, ಯಾವುದು ಅಲ್ಲ ಎಂದು ಆರಿಸಿರಬೇಕು. ನೆರಳಿನದು ಯಾರಿಗೆ, ಬಿಸಿಲಿನದು ಯಾರಿಗೆ ಎಂದು ಲೆಕ್ಕ ಹಾಕಿದರೋ ಇಲ್ಲವೋ.

ಈ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕ ಮೇಲೆ ಉಳಿದ ಫಲಕಗಳನ್ನು ಬೇರೆ ರೀತಿಯಲ್ಲಿ ಓದಲು ನನಗೆ ಆಗಲಿಲ್ಲ.

ಚೌಕ ದಾಟಿ ಒಂದು ಬೀದಿಗೆ ಇಳಿದರೆ ಬ್ರೆಡ್ಡಿನ ಚಿತ್ರ. ಹಿಂದೆ, 1940ರ ಜುಲೈ 4ರ ಆದೇಶ: ಬರ್ಲಿನ್ನಿನಲ್ಲಿ ಯಹೂದಿಗಳು ದಿನಸಿ ಕೊಳ್ಳಬಹುದಾದ ಸಮಯ ಮಧ್ಯಾಹ್ನದ ನಂತರ 4ರಿಂದ 5 ಗಂಟೆ ಮಾತ್ರ. ಯುದ್ಧದ ಕಾಲ, ಎಲ್ಲರಿಗೂ ಪಡಿತರ ಚೀಟಿ. ಯಹೂದಿಗಳ ಚೀಟಿಯ ಮೇಲೆ ‘ಜೆ’ ಅಕ್ಷರದ ಗುರುತು. ತರಕಾರಿ, ಮೀನು, ಹಣ್ಣು ಏನಾದರೂ ಒಳ್ಳೆಯದು ಬಂದಿದ್ದರೆ ಸಂಜೆ ನಾಲ್ಕರ ಹೊತ್ತಿಗೆ ಅಂಗಡಿಯಲ್ಲಿ ಏನು ಉಳಿದಿರುತ್ತದೆ? ಕಾರ್ಖಾನೆಗಳಲ್ಲಿ ಬಲವಂತದ ದುಡಿಮೆಗೆ ಹಚ್ಚಲ್ಪಟ್ಟವರಿಗೆ ಆ ಗಂಟೆಯೂ ಕೈಗೆ ಸಿಗುತ್ತಿರಲಿಲ್ಲ. ಇದನ್ನು ಜಾರಿಗೆ ತರಲು ಪೊಲೀಸರು ಬೇಕಾಗಿಯೇ ಇಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ಗೋಡೆ ಗಡಿಯಾರ ನೋಡಿದರೆ ಸಾಕು. ಅವರು ಇಪ್ಪತ್ತು ವರ್ಷದಿಂದ ಪರಿಚಯದ ಗಿರಾಕಿಗಳ ಮುಖ ನೋಡುತ್ತಿದ್ದರೋ, ಗಡಿಯಾರ ನೋಡುತ್ತಿದ್ದರೋ, ಒಬ್ಬೊಬ್ಬರು ಒಂದೊಂದು ಥರ ಇದ್ದಿರಬೇಕು. ಗುಟ್ಟಾಗಿ ಒಂದಷ್ಟು ಹೆಚ್ಚು ಕೊಟ್ಟ ಅಂಗಡಿಯವರೂ ಆ ಕಾಲದ ದಿನಚರಿಗಳಲ್ಲಿ ಬರುತ್ತಾರೆ.

ಸ್ವಲ್ಪ ಮುಂದೆ 1933ರ ಫಲಕಗಳು ಎದುರಾದವು. ನಾಜಿಗಳು ಅಧಿಕಾರಕ್ಕೆ ಬಂದದ್ದು ಆ ವರ್ಷ ಜನವರಿ 30ಕ್ಕೆ. ಮಾರ್ಚ್ 31ರ ಫಲಕ ಹೀಗೆ ಹೇಳುತ್ತದೆ: ಯಹೂದಿ ವೈದ್ಯರ ಬಳಿ ಚಿಕಿತ್ಸೆ ಪಡೆದರೆ ಏಪ್ರಿಲ್ 1ರ ನಂತರ ಬರ್ಲಿನ್ ನಗರದ ಆರೋಗ್ಯ ವಿಮೆ ಆ ಖರ್ಚು ಭರಿಸುವುದಿಲ್ಲ. ಎರಡೇ ತಿಂಗಳು ಕಳೆದಿತ್ತು. ವೈದ್ಯರನ್ನು ಹೊಡೆಯಿರಿ, ದವಾಖಾನೆಗೆ ಬೀಗ ಹಾಕಿ ಎಂದೇನೂ ಈ ಆದೇಶ ಹೇಳಲಿಲ್ಲ. ರೋಗಿಯ ಬಿಲ್ಲು ವಾಪಸು ಬಂತು, ಅಷ್ಟೆ. ಮುಂದಿನ ತಿಂಗಳಿನಿಂದ ಆ ರೋಗಿ ಬೇರೆ ಡಾಕ್ಟರ್ ಹುಡುಕಿಕೊಂಡ. ಯಹೂದಿ ವೈದ್ಯರ ಪರವಾನಗಿಯನ್ನೇ ಕಿತ್ತುಕೊಳ್ಳುವ ಆದೇಶ ಬಂದದ್ದು ಐದು ವರ್ಷದ ಮೇಲೆ, 1938ರ ಜುಲೈ 25ಕ್ಕೆ. ಆ ಫಲಕವೂ ಇಲ್ಲೇ ಎಲ್ಲೋ ಇದೆ.

1933ರ ಏಪ್ರಿಲ್ 7ರ ಫಲಕದ ಕೆಳಗೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಯಹೂದಿ ನೌಕರರನ್ನು ಸರ್ಕಾರಿ ಸೇವೆಯಿಂದ ತೆಗೆದುಹಾಕಿದ ಕಾನೂನು ಅದು. ಅದರ ಒಂದು ಎಳೆ ನಮ್ಮೂರಿನ ತನಕ ಬರುತ್ತದೆ. ಆ ಕಾನೂನಿನ ದೆಸೆಯಿಂದ ಗಾಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಬಿಡಬೇಕಾಗಿ ಬಂದ ಭೌತವಿಜ್ಞಾನಿಯೊಬ್ಬರು 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನಲ್ಲಿದ್ದರು, ಮಲ್ಲೇಶ್ವರದ ಆಚೆಯ ವಿಜ್ಞಾನ ಸಂಸ್ಥೆಯಲ್ಲಿ. ಅವರನ್ನು ಅಲ್ಲೇ ಉಳಿಸಿಕೊಳ್ಳುವ ಪ್ರಯತ್ನ ಕೈಗೂಡಲಿಲ್ಲ. ಬ್ರಿಟನ್ನಿಗೆ ಹೋದರು, 1954ರಲ್ಲಿ ನೊಬೆಲ್ ಬಂತು. ಅವರ ಸೋದರಿಯ ಮಗ ಇದೇ ಬರ್ಲಿನ್ನಿನಲ್ಲಿ ಹುಟ್ಟಿ ಬೆಳೆದ ವಾಸ್ತುಶಿಲ್ಪಿ. ಆತನೂ 1933ರಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆತ ವಿನ್ಯಾಸ ಮಾಡಿದ ಕಟ್ಟಡಗಳ ಮುಂದೆ ಓಡಾಡಿದ ಬೆಂಗಳೂರಿಗರು ಲೆಕ್ಕವಿಲ್ಲದಷ್ಟು ಮಂದಿ. ಅವುಗಳ ಹಿಂದೆ ಬರ್ಲಿನ್ನಿನಿಂದ ಹೊರಟ ಒಂದು ವಜಾ ಆದೇಶ ಇದೆಯೆಂದು ಎಷ್ಟು ಜನಕ್ಕೆ ಗೊತ್ತಿದ್ದೀತು!

ಅದೇ 1933ರ ಇನ್ನೆರಡು ಫಲಕಗಳು ಓದಲು ಹಗುರ. ಜುಲೈನಲ್ಲಿ ಚದುರಂಗ ಸಂಘದಿಂದ ಯಹೂದಿ ಸದಸ್ಯರನ್ನು ತೆಗೆದರು. ಆಗಸ್ಟ್‌ನಲ್ಲಿ ಹಾಡುಗಾರಿಕೆಯ ಸಂಘಗಳಿಂದ ತೆಗೆದರು. ಮುಂದೆ ಬರುವುದನ್ನು ಬಲ್ಲವರಿಗೆ ಇವು ಕ್ಷುಲ್ಲಕ ಎನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಇಂಥ ಸಂಘದಲ್ಲಿ ಒಬ್ಬ ಕಾರ್ಯದರ್ಶಿ ಇರುತ್ತಾನೆ, ಅವನ ಹತ್ತಿರ ಸದಸ್ಯರ ಪುಸ್ತಕ ಇರುತ್ತದೆ. ನಿನ್ನೆ ರಾತ್ರಿ ಯಾರ ಜೊತೆ ಆಟ ಆಡಿ ಸೋತನೋ ಅವರ ಹೆಸರಿನ ಮೇಲೆ ಇವತ್ತು ಗೀಟು ಎಳೆಯಬೇಕು. ಸರ್ಕಾರ ದೂರದ್ದು, ಸಂಘ ಪಕ್ಕದ ಬೀದಿಯದು. ಜನರು ಒಬ್ಬರ ಮುಖ ಒಬ್ಬರು ತಪ್ಪಿಸಿ ನಡೆಯಲು ಕಲಿತದ್ದು ಬಹುಶಃ ಇಂಥಲ್ಲಿ.

ಇಲ್ಲಿಂದ ಎಡಕ್ಕೆ ತಿರುಗಿದೆ. ಫಲಕಗಳ ಬಗ್ಗೆಯೇ ಒಂದು ಫಲಕ ಸಿಕ್ಕಿತು. ಒಲಿಂಪಿಕ್ಸ್ ವರ್ಷ, 1936ರ ಜನವರಿ. ವಿದೇಶಿ ಅತಿಥಿಗಳ ಮನಸ್ಸಿನಲ್ಲಿ ಕೆಟ್ಟ ಅಭಿಪ್ರಾಯ ಬರಬಾರದೆಂದು, ತೀರಾ ಕಟುವಾದ ಮಾತಿನ ಬೋರ್ಡುಗಳನ್ನು ತೆಗೆಯಿರಿ, ಯಹೂದಿಗಳು ಇಲ್ಲಿ ಬೇಡ ಎಂಬಷ್ಟು ಬರೆದರೆ ಸಾಕು ಎಂಬ ಸೂಚನೆ. ಓದಿ ನಗು ಬಂತು, ಆಮೇಲೆ ಇರಿಸುಮುರಿಸಾಯಿತು. ಈ ಸೂಚನೆ ಬರೆದ ಅಧಿಕಾರಿ ತನ್ನನ್ನು ಸಭ್ಯಸ್ಥ ಎಂದೇ ತಿಳಿದುಕೊಂಡಿದ್ದಿರಬೇಕು.

ಕಂಬಗಳಲ್ಲಿ ಮುಖ್ಯ ಫಲಕದ ಕೆಳಗೆ ಒಂದು ಚಿಕ್ಕ ಪಟ್ಟಿ ಇದೆ, ಇದು ಸ್ಮಾರಕದ ಭಾಗ ಎಂದು ಹೇಳುವಂಥದ್ದು. ಅದು ಮೊದಲಿನ ಯೋಜನೆಯಲ್ಲಿ ಇರಲಿಲ್ಲ. 1993ರಲ್ಲಿ ಫಲಕಗಳನ್ನು ಕಟ್ಟುತ್ತಿದ್ದಾಗ ದಾರಿಹೋಕರು ಗಾಬರಿಯಾಗಿ ಪೊಲೀಸರಿಗೆ ದೂರು ಕೊಟ್ಟರು. ಯಾರೋ ಹೊಸ ನಾಜಿಗಳು ರಾತ್ರೋರಾತ್ರಿ ಹಾಕಿದ ಬೋರ್ಡು ಎಂದು ತಿಳಿದರು. ಪೊಲೀಸರು ಬಂದು ಕೆಲವನ್ನು ಕಿತ್ತೂ ಬಿಟ್ಟರು. ಆಮೇಲೆ ಈ ಪಟ್ಟಿ ಬಂತು. ಈಗ ಪಟ್ಟಿಯೂ ಹಳತಾಗಿದೆ, ಜನರೂ ಒಗ್ಗಿಹೋಗಿದ್ದಾರೆ. ನಾನು ನಿಂತಿದ್ದ ಕಂಬಕ್ಕೇ ಒಬ್ಬಾಕೆ ಸೈಕಲ್ ತಂದು ಒರಗಿಸಿ ಬೀಗ ಹಾಕಿ ಹೋದಳು. ಮೇಲೆ ನೋಡಲಿಲ್ಲ. ದಿನಾ ನೋಡುವವರು ದಿನಾ ಓದಬೇಕೆಂದು ಬಯಸುವುದೂ ಸರಿಯಲ್ಲ.

ಕುಂಟೆಬಿಲ್ಲೆಯ ಮನೆಗಳ ಚಿತ್ರ ಕಂಡಾಗ ಯಾರಿಗಾದರೂ ಖುಷಿಯಾಗುತ್ತದೆ. ಜರ್ಮನಿಯ ಮಕ್ಕಳೂ ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕ ಎಳೆದು ಕುಂಟುತ್ತಾರೆ. ಹಿಂದಿನ ಬರಹ 1938ರದು. ಆರ್ಯ ಮಕ್ಕಳು ಆರ್ಯರಲ್ಲದ ಮಕ್ಕಳ ಜೊತೆ ಆಡಕೂಡದು. ಅದೇ ವರ್ಷ ನವೆಂಬರ್ 15ಕ್ಕೆ ಯಹೂದಿ ಮಕ್ಕಳು ಸರ್ಕಾರಿ ಶಾಲೆಗೆ ಬರಕೂಡದೆಂದಾಯಿತು, 1942ರ ಜೂನ್ 20ಕ್ಕೆ ಯಾವ ಶಾಲೆಯೂ ಇಲ್ಲ ಎಂದಾಯಿತು. ಮೇಷ್ಟ್ರು ಹಾಜರಿ ಕೂಗುವಾಗ ಕೆಲವು ಹೆಸರು ಬಿಟ್ಟು ಮುಂದಕ್ಕೆ ಹೋದ ಮೊದಲ ದಿನ ಉಳಿದ ಮಕ್ಕಳು ಏನು ಕೇಳಿದರು? ಅವರಲ್ಲಿ ಬದುಕಿರುವವರಿಗೆ ಈಗ ತೊಂಬತ್ತು ದಾಟಿದೆ.

1938ರ ಫಲಕಗಳೇ ಒಂದು ಗುಂಪಾಗುವಷ್ಟಿವೆ. ನವೆಂಬರ್ 9–10ರ ರಾತ್ರಿ ದೇಶದಾದ್ಯಂತ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟು, ಅಂಗಡಿಗಳ ಗಾಜು ಒಡೆದು, ಸುಮಾರು 30 ಸಾವಿರ ಗಂಡಸರನ್ನು ಹಿಡಿದು ಶಿಬಿರಗಳಿಗೆ ಅಟ್ಟಿದರು. ಒಡೆದ ಗಾಜಿನ ಲೆಕ್ಕ ಯಾರ ತಲೆಗೆ ಕಟ್ಟಿದರೆಂದರೆ, ಯಹೂದಿಗಳ ತಲೆಗೇ. ನವೆಂಬರ್ 12ಕ್ಕೆ ಅವರ ಮೇಲೆ 100 ಕೋಟಿ ರೈಷ್‌ಮಾರ್ಕ್ ದಂಡ, ವಿಮೆ ಕಂಪನಿಗಳು ಕೊಡಬೇಕಾದ ಪರಿಹಾರವೂ ಸರ್ಕಾರದ ಬೊಕ್ಕಸಕ್ಕೆ. ಆಮೇಲೆ ಆದೇಶಗಳು ಒಂದರ ಬೆನ್ನಿಗೊಂದು ಬಂದವು. ಸಿನಿಮಾ, ನಾಟಕ, ಸಂಗೀತ ಕಛೇರಿಗೆ ಹೋಗಕೂಡದು. ಕಾರು ಓಡಿಸಕೂಡದು. ಡಿಸೆಂಬರ್ 3ರ ಫಲಕದಲ್ಲಿ ಈಜುಡುಗೆಯ ಚಿತ್ರ: ಸ್ನಾನಗೃಹ, ಈಜುಕೊಳಗಳಿಗೆ ಪ್ರವೇಶವಿಲ್ಲ. ಅದಕ್ಕೂ ಮೊದಲು, ಆಗಸ್ಟ್‌ನಲ್ಲೇ, ಗಂಡಸರು ಇಸ್ರೇಲ್ ಎಂದೂ ಹೆಂಗಸರು ಸಾರಾ ಎಂದೂ ಹೆಸರಿನ ಜೊತೆ ಸೇರಿಸಿಕೊಳ್ಳಬೇಕೆಂಬ ಆದೇಶ ಬಂದಿತ್ತು. ಇಷ್ಟನ್ನೂ ಅಮಲಿಗೆ ತಂದವರು ಟಿಕೆಟ್ ಹರಿಯುವವರು, ನೋಂದಣಿ ಕಚೇರಿಯ ಗುಮಾಸ್ತರು, ಲೈಸೆನ್ಸ್ ಕೌಂಟರಿನವರು.

ಇಲ್ಲಿ ಒಂದು ಬೀದಿಯ ಹೆಸರಿನ ಕತೆ ಇದೆ. ಈ ಬಡಾವಣೆ ಕಟ್ಟಿದ ಉದ್ಯಮಿ ಯಹೂದಿ. ಅವರ ಹೆಸರಿನ ಬೀದಿ ಇತ್ತು. ಯಹೂದಿ ಹೆಸರಿನ ಬೀದಿಗಳನ್ನೆಲ್ಲ ಬದಲಿಸಬೇಕೆಂದು 1938ರಲ್ಲಿ ಆ ಹೆಸರು ಅಳಿಸಿದರು. ಅದಕ್ಕೂ ಒಂದು ಫಲಕವಿದೆ. ಬೀದಿಯ ಒಂದು ತುಂಡಿಗೆ ಹಳೆಯ ಹೆಸರು ಮರಳಿ ಬಂದದ್ದು 1996ರಲ್ಲಿ, ಯುದ್ಧ ಮುಗಿದು ಅರ್ಧ ಶತಮಾನವಾದ ಮೇಲೆ. ಸಾಪೇಕ್ಷತಾ ಸಿದ್ಧಾಂತದ ವಿಜ್ಞಾನಿ ಬಹುಕಾಲ ವಾಸವಿದ್ದದ್ದು ಈ ಬೀದಿಯಲ್ಲೇ. ನಾಜಿಗಳು ಗದ್ದುಗೆ ಏರಿದಾಗ ಅವರು ಅಮೆರಿಕದಲ್ಲಿದ್ದರು, ಮತ್ತೆ ಈ ದೇಶಕ್ಕೆ ಕಾಲಿಡಲಿಲ್ಲ. ಆ ಮನೆ ಯುದ್ಧದಲ್ಲಿ ಹೋಯಿತು. ಈಗ ಅಲ್ಲಿರುವುದು ಹೇಳಿಕೊಳ್ಳುವಂಥ ಕಟ್ಟಡವೇನಲ್ಲ, ಮುಂದೆ ಹೋದೆ.

ಹೋಗುವಾಗ ಕಾಲ ಕೆಳಗೂ ನೋಡಬೇಕು. ಕೆಲವು ಮನೆಗಳ ಬಾಗಿಲ ಮುಂದೆ ಕಾಲುದಾರಿಯಲ್ಲಿ ಅಂಗೈಯಗಲದ ಹಿತ್ತಾಳೆ ಹೊದಿಸಿದ ಕಲ್ಲುಗಳನ್ನು ಹೂತಿದ್ದಾರೆ. ಇಲ್ಲಿ ವಾಸವಿದ್ದವರು ಇಂಥವರು, ಹುಟ್ಟಿದ ಇಸವಿ ಇದು, ಸಾಗಿಸಿದ ದಿನ ಇದು, ಕೊಂದ ಜಾಗ ಇದು. ಒಂದು ಬಾಗಿಲ ಮುಂದೆ ಒಟ್ಟಿಗೆ ಮೂರ್ನಾಲ್ಕು ಕಲ್ಲು. ಕೂತು ಓದಬೇಕಾಗುತ್ತದೆ. ಯಾರೋ ಇತ್ತೀಚೆಗೆ ಉಜ್ಜಿದ್ದರು, ಹೊಳೆಯುತ್ತಿದ್ದವು. ಪಕ್ಕದ ಮನೆಯವು ಕಪ್ಪಿಟ್ಟಿದ್ದವು.

1939ರ ಏಪ್ರಿಲ್ 30ರ ಫಲಕ ಬಾಡಿಗೆಯ ಕಾನೂನಿನದು. ಕಾರಣ ಕೊಡದೆ, ನೋಟಿಸಿನ ಅವಧಿ ಕಾಯದೆ ಯಹೂದಿ ಬಾಡಿಗೆದಾರರನ್ನು ಬಿಡಿಸಬಹುದು, ಅವರನ್ನು ಯಹೂದಿಗಳಿಗೆಂದೇ ಗೊತ್ತುಪಡಿಸಿದ ಮನೆಗಳಲ್ಲಿ ಒಟ್ಟಿಗೆ ತುಂಬಬಹುದು. ಬಾಡಿಗೆ ಮನೆಗಳದೇ ಬಡಾವಣೆಯಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಎರಡು ತಿಂಗಳು ಮುಂಚೆ, ಫೆಬ್ರುವರಿ 21ರಂದು, ಚಿನ್ನ, ಬೆಳ್ಳಿ, ಪ್ಲಾಟಿನಂ, ಮುತ್ತುಗಳನ್ನು ಒಪ್ಪಿಸಬೇಕೆಂಬ ಆದೇಶ. ಮದುವೆಯ ಉಂಗುರ ಇಟ್ಟುಕೊಳ್ಳಬಹುದಿತ್ತು. ಒಪ್ಪಿಸಬೇಕಾದದ್ದು ನಗರಸಭೆಯ ಗಿರವಿ ಕಚೇರಿಯಲ್ಲಿ. ಅಲ್ಲೂ ಒಬ್ಬರು ತಕ್ಕಡಿ ಹಿಡಿದು ಕೂತಿದ್ದಾರೆ, ತೂಕ ಬರೆದು ರಸೀದಿ ಕೊಡುತ್ತಾರೆ. ಅಜ್ಜಿಯ ಬಳೆ, ಸಬ್ಬತ್ತಿನ ದೀಪಸ್ತಂಭ, ಮಗುವಿನ ಬೆಳ್ಳಿ ಚಮಚ, ಎಲ್ಲವೂ ಲೋಹದ ಕಡಿಮೆ ಬೆಲೆಗೆ. ರೇಡಿಯೊ ಒಪ್ಪಿಸುವ ಆದೇಶದ ತಾರೀಖು 1939ರ ಸೆಪ್ಟೆಂಬರ್ 23. ಅಂದು ಯಹೂದಿಗಳ ಅತಿ ಪವಿತ್ರ ಉಪವಾಸದ ದಿನ, ಯೋಮ್ ಕಿಪ್ಪುರ್. 1940ರ ಜುಲೈ 29ಕ್ಕೆ ಮನೆಯ ಟೆಲಿಫೋನ್ ಕಿತ್ತರು, 1941ರ ಡಿಸೆಂಬರ್‌ನಲ್ಲಿ ಬೀದಿಯ ಫೋನನ್ನೂ ಮುಟ್ಟುವ ಹಾಗಿಲ್ಲ ಎಂದರು.

ಶಾಲೆಯೊಂದರ ಬೇಲಿಯ ಬಳಿ ಬಂದಾಗ ಬಿಡುವಿನ ಹೊತ್ತು. ಮಕ್ಕಳ ಗಲಾಟೆ. ಈ ಜಾಗದಲ್ಲಿ 1910ರ ಸುಮಾರಿಗೆ ಕಟ್ಟಿದ ಪ್ರಾರ್ಥನಾ ಮಂದಿರವಿತ್ತು. ವಾಸದ ಮನೆಗಳಿಗೆ ಅಂಟಿಕೊಂಡಿದ್ದರಿಂದ 1938ರ ನವೆಂಬರ್‌ನಲ್ಲಿ ಅದಕ್ಕೆ ಬೆಂಕಿ ಇಡಲಿಲ್ಲ. ಇಟ್ಟಿದ್ದರೆ ಪಕ್ಕದವರ ಮನೆಯೂ ಸುಡುತ್ತಿತ್ತು. ಬಾಂಬಿಗೆ ಜಖಂಗೊಂಡಿದ್ದ ಕಟ್ಟಡವನ್ನು 1956ರಲ್ಲಿ, ಶಾಂತಿಯ ಕಾಲದಲ್ಲಿ, ಕೆಡವಿದರು. ಈಗ ಆಟದ ಅಂಗಳದಲ್ಲಿ ಹಳದಿ ಇಟ್ಟಿಗೆಯ ಗೋಡೆ. 1990ರ ದಶಕದಿಂದ ಪ್ರತಿ ವರ್ಷ ಆರನೇ ತರಗತಿಯವರು, ಈ ಭಾಗದಿಂದ ಒಯ್ದು ಕೊಂದವರ ಪಟ್ಟಿಯಿಂದ ಒಬ್ಬರನ್ನು ಆರಿಸಿ, ಇಟ್ಟಿಗೆಯ ಮೇಲೆ ಹೆಸರು ಬರೆದು ಜೋಡಿಸುತ್ತಾರೆ. ತಮ್ಮದೇ ಹೆಸರಿನವರು, ತಾವು ಹುಟ್ಟಿದ ದಿನವೇ ಹುಟ್ಟಿದವರು, ತಮ್ಮ ಮನೆಯಲ್ಲೇ ಇದ್ದವರು, ಹೀಗೆ ಏನಾದರೊಂದು ನಂಟು ಹುಡುಕಿ ಆರಿಸುತ್ತಾರೆ. ಇಟ್ಟಿಗೆಗಳು ಸಾವಿರ ದಾಟಿವೆ. ಬೇಲಿಯಿಂದ ನನಗೆ ಕೆಲವಷ್ಟೇ ಓದಲಾಯಿತು. ಮಕ್ಕಳ ಕೈಬರಹ, ಒಂದು ಸಾಲು ಮೇಲೆ ಹೋಗಿದೆ, ಒಂದು ಕೆಳಗೆ ಜಾರಿದೆ. ಗೋಡೆಯ ಬುಡದಲ್ಲಿ ಒಬ್ಬ ಹುಡುಗ ಕೂತು ಬುತ್ತಿ ತಿನ್ನುತ್ತಿದ್ದ.

ಯುದ್ಧದ ನಡುವಿನ ಫಲಕಗಳಿಗೆ ಬರುತ್ತೇನೆ. 1941ರ ಸೆಪ್ಟೆಂಬರ್ 1ರ ಆದೇಶ, ಆರು ವರ್ಷ ತುಂಬಿದ ಯಹೂದಿಗಳೆಲ್ಲ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು. ಅದನ್ನೂ ಅವರೇ ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ಒಂದಕ್ಕೆ 10 ಫೆನಿಗ್. ಅಕ್ಟೋಬರ್ 18ಕ್ಕೆ ಬರ್ಲಿನ್ನಿನಿಂದ ಮೊದಲ ರೈಲು ಪೋಲೆಂಡಿನ ವುಜ್ ನಗರದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋಗೆ ಹೊರಟಿತು. ಅಕ್ಟೋಬರ್ 23ಕ್ಕೆ ದೇಶ ಬಿಟ್ಟು ಹೋಗುವುದು ನಿಷಿದ್ಧವಾಯಿತು. ಈ ಎರಡು ತಾರೀಖುಗಳ ನಡುವೆ ಐದೇ ದಿನ. ಅಲ್ಲಿಯವರೆಗಿನ ಆದೇಶಗಳು ಹೇಗಾದರೂ ಇವರು ಹೊರಟುಹೋಗಲಿ ಎಂದು ಹಿಂಡುವಂಥವು. ಅರ್ಧಕ್ಕಿಂತ ಹೆಚ್ಚು ಮಂದಿ ಆಸ್ತಿ ಬಿಟ್ಟು ಹೋಗಿಯೂ ಇದ್ದರು. ಈಗ ಬಾಗಿಲು ಹೊರಗಿನಿಂದ ಹಾಕಿತು. ವಯಸ್ಸಾದವರು, ದುಡ್ಡಿಲ್ಲದವರು, ವೀಸಾ ಸಿಗದವರು, ಅಪ್ಪ ಅಮ್ಮನನ್ನು ಬಿಟ್ಟು ಹೋಗಲಾರದವರು ಒಳಗೆ ಉಳಿದರು.

ಹೊರಡುವ ಮುನ್ನ ಅವರು 16 ಪುಟಗಳ ಆಸ್ತಿ ವಿವರದ ಫಾರಂ ತುಂಬಬೇಕಿತ್ತು. ಎಷ್ಟು ಕುರ್ಚಿ, ಎಷ್ಟು ಪರದೆ, ಎಷ್ಟು ಅಂಗಿ. ಹೋದ ಮೇಲೆ ಮನೆಗೆ ಮೊಹರು, ಸಾಮಾನು ಹರಾಜು. ರೈಲ್ವೆ ಇಲಾಖೆ ಮೂರನೇ ದರ್ಜೆಯ ದರ ಹಾಕಿ ಬಿಲ್ಲು ಮಾಡುತ್ತಿತ್ತು, ಮಕ್ಕಳಿಗೆ ಅರ್ಧ ಚಾರ್ಜು. 1942ರ ಜನವರಿ 16ರ ತಾರೀಖಿನ ಒಂದು ಫಲಕದಲ್ಲಿ ಕಾನೂನಿಲ್ಲ, ಒಂದು ಪತ್ರದ ಸಾಲುಗಳಿವೆ. ನಾಳೆ ಹೊರಡಬೇಕಾಗಿದೆ, ಸಂಕಟವಾಗುತ್ತಿದೆ, ಬರೆಯುತ್ತೇನೆ ಎಂದು ಯಾರೋ ಯಾರಿಗೋ ಹೇಳುತ್ತಾರೆ. ಸರ್ಕಾರದ ಭಾಷೆ ಓದಿ ಓದಿ ಮರಗಟ್ಟಿದ್ದವನಿಗೆ ಒಮ್ಮೆಗೇ ಮನುಷ್ಯರ ದನಿ ಕೇಳಿದಂತಾಗಿ ಅಲ್ಲಿಂದ ಬೇಗ ಸರಿದೆ.

ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗದಿರುವುದು 1942ರ ಫಲಕಗಳು. ರೈಲುಗಳು ಓಡತೊಡಗಿವೆ, ಎಲ್ಲರನ್ನೂ ಸಾಗಿಸುವುದೆಂದು ತೀರ್ಮಾನವಾಗಿದೆ. ಆಗಲೂ ಸುತ್ತೋಲೆಗಳು ನಿಲ್ಲುವುದಿಲ್ಲ. ಫೆಬ್ರುವರಿ 15ಕ್ಕೆ ಸಾಕುಪ್ರಾಣಿ ಇಟ್ಟುಕೊಳ್ಳಬಾರದು. ಫೆಬ್ರುವರಿ 17ಕ್ಕೆ ಪತ್ರಿಕೆ, ನಿಯತಕಾಲಿಕ ಕೊಳ್ಳಬಾರದು. ಜೂನ್ 11ಕ್ಕೆ ಸಿಗರೇಟು ಇಲ್ಲ, ಜೂನ್ 22ಕ್ಕೆ ಮೊಟ್ಟೆ ಇಲ್ಲ, ಜುಲೈನಲ್ಲಿ ಹಾಲಿಲ್ಲ. ಅದೇ ಜುಲೈ 11ರ ಇನ್ನೊಂದು ಫಲಕ, ಬರ್ಲಿನ್ನಿನಿಂದ ನೇರವಾಗಿ ಸಾವಿನ ಶಿಬಿರವಿದ್ದ ಆಷ್‌ವಿಟ್ಜ್‌ಗೆ ಹೋದ ಮೊದಲ ರೈಲಿನದು. ಕೊಲ್ಲಲು ಒಯ್ಯುವವರ ಮೊಟ್ಟೆಯ ಬಗ್ಗೆ ಯಾವುದೋ ಕಚೇರಿಯಲ್ಲಿ ಯಾರೋ ಕೂತು ಕರಡು ತಿದ್ದಿದ್ದಾರೆ. ದ್ವೇಷ ಎಂದರೆ ಇದು ಪೂರ್ತಿ ತಿಳಿಯುವುದಿಲ್ಲ. ಆ ಮೇಜಿನವರಿಗೆ ಪಕ್ಕದ ಮೇಜಿನವರಿಗಿಂತ ಹಿಂದೆ ಬೀಳಬಾರದೆಂಬ ಆತುರವೂ ಇದ್ದೀತು ಎಂಬುದು ನನ್ನ ಅನುಮಾನ.

ಸಾಕುಪ್ರಾಣಿಯ ಫಲಕದಲ್ಲಿ ಇರುವುದು ಬೆಕ್ಕು. ಆ ಆದೇಶ ಬಂದಾಗ ಡ್ರೆಸ್ಡೆನ್ ನಗರದಲ್ಲಿದ್ದ ಒಬ್ಬ ಯಹೂದಿ ಪ್ರಾಧ್ಯಾಪಕರು, ಹೆಂಡತಿ ಯಹೂದಿಯಲ್ಲದ ಕಾರಣ ಸಾಗಾಟದಿಂದ ಬಚಾವಾಗಿದ್ದವರು, ತಮ್ಮ ಬೆಕ್ಕಿನ ಕತೆಯನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಬೇರೆಯವರಿಗೆ ಸಾಕಲು ಕೊಡುವಂತಿಲ್ಲ. ಅಧಿಕಾರಿಗಳ ಕೈಗೆ ಒಪ್ಪಿಸಲು ಮನಸ್ಸಿಲ್ಲ. ಕಡೆಗೆ ಗುಟ್ಟಾಗಿ ಪಶುವೈದ್ಯರ ಬಳಿ ಒಯ್ದು ಅದಕ್ಕೆ ನೋವಿಲ್ಲದ ಸಾವು ಕೊಡಿಸಿದರು. ಬೆಕ್ಕಿನ ಚಿತ್ರದ ಕೆಳಗಿನ ಮನೆಯ ಕಿಟಕಿಯಲ್ಲಿ ನಿಜವಾದ ಬೆಕ್ಕೊಂದು ಕೂತಿರಬಹುದೇ ಎಂದು ಕತ್ತೆತ್ತಿ ನೋಡಿದೆ. ಇರಲಿಲ್ಲ, ಹೂಕುಂಡಗಳಿದ್ದವು.

ಬರ್ಲಿನ್ನಿನಿಂದ 50 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಹೀಗೆ ಸಾಗಿಸಿದರು. ಅಡಗಿಕೊಂಡು ಬದುಕುಳಿಯಲು ನೋಡಿದವರು ಏಳು ಸಾವಿರದಷ್ಟು, ಉಳಿದದ್ದು ಎರಡು ಸಾವಿರವೂ ಅಲ್ಲ. ಅಡಗಿದ ಒಬ್ಬರನ್ನು ಉಳಿಸಲು ಹಲವರು ಬೇಕು. ಹಾಸಿಗೆ ಕೊಟ್ಟವರು, ಪಡಿತರ ಚೀಟಿ ಕೊಟ್ಟವರು, ನೋಡಿಯೂ ನೋಡದಂತೆ ಇದ್ದವರು. ಅವರ ಕೆಲಸದ ಬಗ್ಗೆ ಆದೇಶಗಳಿರಲಿಲ್ಲವಾದ್ದರಿಂದ ಈ ಕಂಬಗಳಲ್ಲಿ ಅವರು ಕಾಣುವುದಿಲ್ಲ. ಈ ಸ್ಮಾರಕದ ಒಂದು ಕೊರತೆ ಎಂದರೆ ಇದೇ, ನನ್ನ ಲೆಕ್ಕದಲ್ಲಿ.

ಎಂಬತ್ತೂ ಫಲಕಗಳನ್ನು ನೋಡಲು ಒಂದು ಮಧ್ಯಾಹ್ನ ಸಾಲದು, ಕಾಲೂ ಸೋಲುತ್ತದೆ. ನಾನು ಕೊನೆಗೆ ಹುಡುಕಿಕೊಂಡು ಹೋದದ್ದು 1945ರ ಫೆಬ್ರುವರಿ 16ರದನ್ನು. ಸೋವಿಯತ್ ಸೈನ್ಯ ಬರ್ಲಿನ್ನಿನಿಂದ ನೂರು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ, ಓಡರ್ ನದಿಯ ದಡದಲ್ಲಿತ್ತು. ಆದೇಶ ಹೀಗಿದೆ: ಯಹೂದಿ ವಿರೋಧಿ ಚಟುವಟಿಕೆಗೆ ಸಂಬಂಧಿಸಿದ ಕಡತಗಳನ್ನು ಸಾಗಿಸಲಾಗದಿದ್ದರೆ ನಾಶಮಾಡಿ, ಶತ್ರುಗಳ ಕೈಗೆ ಸಿಗಬಾರದು. ಮಾಡಿದ್ದು ಏನೆಂದು ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿದ ಕಚೇರಿಗಳು ಈ ಒಂದು ಸಾಲಿಗೆ ಏನು ಉತ್ತರ ಕೊಡುತ್ತವೋ.

ಎಷ್ಟೋ ಸುಟ್ಟರು. ಎಲ್ಲ ಸುಡಲು ಆಗಲಿಲ್ಲ. ಕಾನೂನುಗಳು ರಾಜಪತ್ರದಲ್ಲಿ ಅಚ್ಚಾಗಿ ಗ್ರಂಥಾಲಯಗಳಲ್ಲಿ ಉಳಿದಿದ್ದವು, ದಿನಪತ್ರಿಕೆಗಳಲ್ಲಿ ಬಂದಿದ್ದವು. ಬರ್ಲಿನ್ನಿನ ಹಣಕಾಸು ಕಚೇರಿಯ ಕಡತಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಉಳಿದು ಈಗ ಪಾಟ್ಸ್‌ಡ್ಯಾಮ್‌ನ ದಾಖಲೆ ಸಂಗ್ರಹದಲ್ಲಿವೆ. ಆ 16 ಪುಟದ ಫಾರಂಗಳು ಅವುಗಳಲ್ಲಿ ಇವೆ. ಫಾರಂ ಜೊತೆಗೆ ಬೇರೆ ಕಾಗದಗಳೂ ಇವೆ. ಸಾಗಿಸಲ್ಪಟ್ಟವರು ಬಾಕಿ ಇಟ್ಟುಹೋದ ಗ್ಯಾಸ್ ಬಿಲ್ಲನ್ನು ಅವರ ಆಸ್ತಿಯಿಂದ ಕೊಡಿ ಎಂದು ಗ್ಯಾಸ್ ಕಂಪನಿ ಬರೆದ ಪತ್ರ, ಮನೆಗೆ ಮೊಹರು ಬಿದ್ದ ತಿಂಗಳುಗಳ ಬಾಡಿಗೆ ನಷ್ಟ ತುಂಬಿಕೊಡಿ ಎಂದು ಮಾಲೀಕರು ಬರೆದ ಪತ್ರ, ಅದಕ್ಕೆ ಕಚೇರಿ ಕೊಟ್ಟ ಉತ್ತರ. ಪತ್ರ ಸಂಖ್ಯೆ, ತಾರೀಖು, ಮೊಹರು, ಸಹಿ ಎಲ್ಲವೂ ಕ್ರಮವಾಗಿವೆ.